ಡ್ರಮ್ಮಿನ ಮುಂದೆ ನಡೆದವಳು

ಬ್ಯಾಂಡಿನವರ ಡ್ರಮ್ಮು ಓಣಿಯ ತುದಿಯಲ್ಲಿ ಕೇಳಿಸಿತೆಂದರೆ ಜನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನು ಬಾಗಿಲು ಎಳೆದುಕೊಂಡು ಒಳಗೆ ಹೋಗುತ್ತೇನೆ. ಈ ಮನುಷ್ಯನಿಗೆ ಲಗ್ನ ಕಂಡರಾಗದು ಎಂದು ಓಣಿಯವರು ತಿಳಿದಿದ್ದಾರೆ. ತಿಳಿದುಕೊಳ್ಳಲಿ. ಬಿಡಿಸಿ ಹೇಳುವಷ್ಟು ತ್ರಾಣ ನನಗೀಗ ಇಲ್ಲ, ಒಂದು ಸಲ ಬರೆದು ಕೈ ತೊಳೆದುಕೊಳ್ಳುತ್ತೇನೆ.

ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಅಂಗಡಿ ಇತ್ತು. ಮೈಕ್ ಸೆಟ್ ಬಾಡಿಗೆ ಕೊಡುವುದು, ರೇಡಿಯೋ, ಟೇಪ್ ರಿಪೇರಿ ಮಾಡುವುದು. ಹೆಸರಿಗೆ ಮಾಲಕ, ಕೆಲಸಕ್ಕೆ ಹಮಾಲ. ಭೋಂಗಾ ಸ್ಪೀಕರು ಹೊತ್ತು ಬೇವಿನ ಮರ ಹತ್ತುವವನೂ ನಾನೇ, ಪುರಾಣದ ಸ್ವಾಮಿಗಳು ಮೈಕಿಗೆ ಕೆಮ್ಮಿದರೆ ಬೈಸಿಕೊಳ್ಳುವವನೂ ನಾನೇ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ನನಗೆ ಮೂವತ್ತು ದಾಟಿ ಲಗ್ನವಾಗಿರಲಿಲ್ಲ, ಆ ಮಾತು ಬಂದರೆ ಅವ್ವ ನಿಟ್ಟುಸಿರು ಬಿಡುತ್ತಿದ್ದಳು, ನಾನು ಅಂಗಡಿಗೆ ಹೋಗುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಸೋಲಾಪುರದಲ್ಲಿ ಹಳೇ ಸಾಮಾನಿನ ಅಂಗಡಿಯೊಂದರ ಮೂಲೆಯಲ್ಲಿ ಒಂದು ಮಷೀನು ಕಂಡಿತು. ನಾಲ್ಕು ಟ್ರ್ಯಾಕಿನ ರೆಕಾರ್ಡರ್. ಸಾಮಾನ್ಯ ಕ್ಯಾಸೆಟ್ಟಿಗೆ ಎರಡು ಕಡೆ ಇರುತ್ತವಲ್ಲ, ಈ ಮಷೀನು ಆ ಎರಡೂ ಕಡೆಯ ಜಾಗವನ್ನು ಒಂದೇ ದಿಕ್ಕಿಗೆ ನಾಲ್ಕು ಪಟ್ಟಿಗಳಾಗಿ ಹಂಚಿಕೊಳ್ಳುತ್ತಿತ್ತು. ಒಂದು ಪಟ್ಟಿಯಲ್ಲಿ ಹಾಡು ತುಂಬಿಸಿ, ಅದನ್ನು ಕೇಳುತ್ತ ಎರಡನೆಯದರಲ್ಲಿ ತಬಲಾ, ಅವೆರಡನ್ನೂ ಕೇಳುತ್ತ ಮೂರನೆಯದರಲ್ಲಿ ಹಾರ್ಮೋನಿಯಂ ಪೇಟಿ ತುಂಬಿಸಬಹುದು. ಒಬ್ಬನೇ ಮನುಷ್ಯ ಮೂರು ಜನ ಆಗಬಹುದು. ಇದನ್ನು ನೋಡಿ ನನಗೆ ಹುಚ್ಚು ಹಿಡಿಯಿತು. ಕೊಂಡು ತಂದೆ. ಮನೆಗೆ ತಂದ ಮೇಲೆ ಗೊತ್ತಾಯಿತು, ನಾಲ್ಕನೆಯ ಟ್ರ್ಯಾಕು ಅರೆಜೀವ. ಅದರಲ್ಲಿ ತುಂಬಿಸಿದ್ದು ತುಂಬುತ್ತಿತ್ತು, ತಿರುಗಿ ಹಚ್ಚಿದರೆ ಮಾತ್ರ ಬಾವಿಯೊಳಗಿಂದ ಯಾರೋ ಮಾತಾಡಿದ ಹಾಗೆ ಕೇಳುತ್ತಿತ್ತು. ಇರಲಿ, ಪುರಸೊತ್ತು ಆದಾಗ ನೋಡೋಣ ಎಂದು ಬಿಟ್ಟೆ.

ಅಮಾವಾಸ್ಯೆಗೆ ಘತ್ತರಗಿಗೆ ಹೋಗುವ ಭಜನಿ ಮಂಡಳಿಯವರು ಬಂದು ದೇವಿಯ ಪದ ತುಂಬಿಸಿಕೊಂಡು ಹೋಗುತ್ತಿದ್ದರು. ಅದು ಬಿಟ್ಟರೆ ಮಷೀನಿಗೆ ಕೆಲಸವಿರಲಿಲ್ಲ. ಆಗ ಬಂದವರು ಬ್ಯಾಂಡ್ ಕಂಪನಿಯ ಮಾಲಕರು.

ಅವರಿಗೆ ಊದಲೂ ಬರುತ್ತಿರಲಿಲ್ಲ, ಬಾರಿಸಲೂ ಬರುತ್ತಿರಲಿಲ್ಲ. ತಂದೆಯಿಂದ ಕಂಪನಿ ಬಂದಿತ್ತು, ಅದರ ಜೊತೆಗೆ ಜರಿಯ ಕೆಂಪು ಕೋಟೂ ಬೆಳ್ಳಿ ಹಿಡಿಕೆಯ ಬೆತ್ತವೂ ಬಂದಿದ್ದವು. ಮೆರವಣಿಗೆಯ ಮುಂದೆ ಆ ಬೆತ್ತ ತಿರುಗಿಸುತ್ತ ನಡೆಯುವುದು ಅವರ ಕೆಲಸ. ನನ್ನ ದೊಡ್ಡ ಗಿರಾಕಿ ಅವರೇ, ಅವರ ಕೈಗಾಡಿಯ ಮೇಲಿನ ಸ್ಪೀಕರು, ಆಂಪ್ಲಿಫೈಯರು ಎಲ್ಲ ನನ್ನವೇ.

"ತಮ್ಮಾ, ನಿನ್ನ ಮಿಷಿನ್ದಾಗ ಬರೇ ಡ್ರಮ್ ತುಂಬಾಕ ಬರ್ತದೇನು?" ಎಂದು ಕೇಳಿದರು.

"ಬರ್ತದ್ರಿ. ಯಾಕ್ರಿ?"

"ಸಣ್ಣ ಡ್ರಮ್ಮ, ದೊಡ್ಡ ಡ್ರಮ್ಮ, ತಾಷಾ. ಮೂರೂ ಸಾಫ್ ತುಂಬಿ ಕೊಡು. ಗಾಡಿ ಮ್ಯಾಲ ಕ್ಯಾಸೆಟ್ ಹಚ್ಚಿ ಬಿಟ್ರ ಆತು, ಮುಂದ ಬರೇ ಊದೋರಿದ್ರ ಸಾಕು. ಬಾರಿಸೋ ಮಂದಿ ಬ್ಯಾಡ."

ಬಾರಿಸುವವರು ಮೂವರು, ಅಣ್ಣತಮ್ಮಂದಿರು, ನರೋಣಾದವರು. ಹಿರಿಯವನ ಕೈಯಲ್ಲಿ ಸಣ್ಣ ಡ್ರಮ್ಮು. ಮಾಲಕರ ತಂದೆಯ ಕಾಲದಿಂದ ಬಾರಿಸುತ್ತಿದ್ದವನು. ಆ ಹಿರಿಯವನಿಗೆ ಮೂರೂ ವಾದ್ಯ ಬರುತ್ತವೆ, ಅವನೊಬ್ಬನನ್ನೇ ಕರೆಸಿ ಮೂರನ್ನೂ ಬಾರಿಸಿಸು ಎಂದರು. ಯಾತಕ್ಕೆ ಎಂದು ಕೇಳಿದರೆ ಅಂಗಡಿಗಳಲ್ಲಿ ಮಾರುವ ಕ್ಯಾಸೆಟ್ಟು ಎಂದು ಹೇಳು, ಖರೇ ಹೇಳಬೇಡ ಎಂದರು.

ನಾನು ಒಪ್ಪಿಕೊಂಡೆ. ಹೆದರಿ ಒಪ್ಪಿಕೊಂಡೆ ಎಂದು ಬರೆದರೆ ನನಗೆ ಒಳ್ಳೆಯದು, ಆದರೆ ಪೂರ್ತಿ ಖರೇ ಅಲ್ಲ. ಮಷೀನಿಗೆ ತಕ್ಕ ಕೆಲಸ ಕೊನೆಗೂ ಸಿಕ್ಕಿತಲ್ಲ ಎಂಬ ಹುರುಪೂ ಇತ್ತು. ಮೂವರ ಅನ್ನ ಹೋಗುತ್ತದೆ ಎಂಬುದು ತಲೆಯ ಒಂದು ಮೂಲೆಯಲ್ಲಿ ಕೂತಿತ್ತು, ಕೂತಿರಲಿ ಬಿಡು ಎಂದುಕೊಂಡೆ.

ಲಗ್ನಸರಾಯಿ, ಅಂದರೆ ಲಗ್ನಗಳ ಹಂಗಾಮು, ಶುರುವಾಗಲು ಇನ್ನೂ ತಿಂಗಳಿತ್ತು. ತೊಗರಿಯ ರಾಶಿ ಮುಗಿದು ಮನೆ ತುಂಬ ಚೀಲಗಳು. ಅದೇ ಅನುಕೂಲವಾಯಿತು. ಅಂಗಳದ ಒಂದು ಮೂಲೆಯಲ್ಲಿ ಮೂರು ಕಡೆ ತೊಗರಿ ಚೀಲ ಒಟ್ಟಿ ಗೋಡೆ ಮಾಡಿದೆ, ಅವುಗಳ ಮೇಲೆ ಅವ್ವನ ಕೌದಿಗಳನ್ನು ಹೊದಿಸಿದೆ. ಸದ್ದು ಗುಂಯ್‌ಗುಡಬಾರದಲ್ಲ. ಒಂದು ಮೈಕು ಆ ಮೂಲೆಯಲ್ಲಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆ. ಇನ್ನೊಂದು ಮೈಕು ಮಿಕ್ಕಿತ್ತು. ಅಂಗಳದ ಗಾಳಿಯೂ ಒಂದಿಷ್ಟು ಬರಲಿ ಎಂದು ಆಚೆ ತುದಿಯಲ್ಲಿ, ಕುಡಿಯುವ ನೀರಿನ ಹರವಿಯ ಮೇಲಿನ ಗೂಟಕ್ಕೆ ಸಿಕ್ಕಿಸಿ, ವೈರನ್ನು ಆ ಅರೆಜೀವದ ನಾಲ್ಕನೆಯ ಟ್ರ್ಯಾಕಿಗೆ ಕೊಟ್ಟೆ. ಬಂದರೆ ಬರಲಿ, ಇಲ್ಲದಿದ್ದರೆ ಇಲ್ಲ. ಮಷೀನನ್ನು ಒಳಗಿನ ಕೋಣೆಯಲ್ಲಿಟ್ಟು ಕದ ಹಾಕಿಕೊಂಡೆ. ಅಲ್ಲಿಂದ ಅಂಗಳ ಕಾಣುತ್ತಿರಲಿಲ್ಲ, ಕಾಣುತ್ತಿದ್ದುದು ಮಷೀನಿನ ಮುಳ್ಳುಗಳು ಮಾತ್ರ.

ಮೊದಲ ದಿನ ಬೆಳಿಗ್ಗೆ ಅವನು ನರೋಣಾ ಬಸ್ಸಿನಿಂದ ಇಳಿದು, ಡ್ರಮ್ಮು ಹೆಗಲಿಗೆ ಹಾಕಿಕೊಂಡು ಬಂದು ಹೊಸ್ತಿಲ ಹೊರಗೆ ನಿಂತ. ಐವತ್ತೈದರ ಮೇಲಿನ ವಯಸ್ಸು, ತೆಳ್ಳಗಿನ ಆಳು, ದೊಡ್ಡ ಅಂಗೈ. ಬರ್ರಿ ಕಾಕಾ ಎಂದೆ. ಅವನ ಕಾಲು ಏಳಲಿಲ್ಲ. ಇಷ್ಟು ವರ್ಷ ಊರಿನ ಎಲ್ಲ ಮನೆಗಳ ಮುಂದೆ ಬಾರಿಸಿದವನನ್ನು ಡ್ರಮ್ಮಿನ ಸಮೇತ ಒಳಗೆ ಕರೆದವರಿರಲಿಲ್ಲ. ಅವ್ವ ಸೆರಗು ಸರಿಮಾಡಿಕೊಳ್ಳುತ್ತ ಬಂದು ಅವನನ್ನೇ ದಿಟ್ಟಿಸಿ ನೋಡಿದಳು.

"ಯಜಮಾನರನ್ನ ಮಣ್ಣಿಗಿ ಒಯ್ದ ದಿನ ಬಾರಿಸಿದವ ನೀನ ಅಲ್ಲೇನು?"

"ಹೌದ್ರಿ ಅವ್ವಾರ, ನಾನ."

"ಬಾ ಒಳಗ" ಎಂದಳು. ಒಳಗೆ ಬಂದ. ಚಹಾ ಕೊಟ್ಟಳು, ಗೋಡೆಯ ಗೂಡಿನಲ್ಲಿ ಬೇರೆ ಇಟ್ಟಿದ್ದ ಕಪ್ಪಿನಲ್ಲಿ. ನಮ್ಮ ಮನೆಯಲ್ಲಿ ಬಸವಣ್ಣನ ಫೋಟೋ ಒಂದು ಗೋಡೆಗೆ, ಆ ಕಪ್ಪು ಇನ್ನೊಂದು ಗೋಡೆಗೆ. ಎರಡನ್ನೂ ದಿನಾ ನೋಡಿ ನೋಡಿ ನನಗೆ ಏನೂ ಅನಿಸದ ಹಾಗೆ ಆಗಿತ್ತು.

ಬಾರಿಸಲು ಶುರುಮಾಡಿದ. ಎರಡು ನಿಮಿಷಕ್ಕೆ ನನಗೆ ತಲೆ ಕೆಟ್ಟಿತು. ಒಮ್ಮೆ ಓಡುತ್ತಿದ್ದ, ಒಮ್ಮೆ ನಿಂತಂತೆ ಆಗುತ್ತಿದ್ದ. ಬೀದಿಯಲ್ಲಿ ಗಂಟೆಗಟ್ಟಲೆ ಒಂದೇ ಲಯ ಹಿಡಿದು ನಡೆಯುವ ಮನುಷ್ಯ ಇವನೇನಾ ಎನ್ನುವ ಹಾಗೆ. ಇನ್ನೊಮ್ಮೆ ಎಂದೆ, ಮತ್ತೊಮ್ಮೆ ಎಂದೆ. ಅಷ್ಟರಲ್ಲಿ ಬಾಗಿಲಲ್ಲಿ ಓಣಿಯ ಹೆಂಗಸರು ಸೇರಿದ್ದರು. ಮನೆಯೊಳಗೆ ಡ್ರಮ್ಮು ಬಾರಿಸುತ್ತಿದೆ, ಮನೆಯಲ್ಲಿ ಲಗ್ನದ ವಯಸ್ಸು ದಾಟಿದ ಮಗನಿದ್ದಾನೆ. ಒಬ್ಬಾಕೆ ಅರಿಶಿಣ ಕುಂಕುಮದ ಬಟ್ಟಲನ್ನೇ ಹಿಡಿದು ಬಂದಿದ್ದಳು.

"ಲಗ್ನ ಗೊತ್ತಾತೇನ್ರಿ? ಯಾವೂರ ಹೆಣ್ಣ್ರಿ?"

ಅವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ನನ್ನ ಕೋಣೆಗೆ ನುಗ್ಗಿದಳು. "ಲೇ, ಹೆಣ್ಣಿಲ್ಲದ ಬಾಜಾ ಹಚ್ಚೀಯಲ್ಲೋ! ಮಂದಿಗಿ ಏನಂತ ಹೇಳ್ಲಿ ನಾ?"

ಅವ್ವನ ಹಿಂದೆಯೇ ಅವನೂ ಬಂದು ಕದದ ಹತ್ತಿರ ನಿಂತ. "ಅಣ್ಣಾರ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಹಿಂಗ ಕೌದಿ ನೋಡಕೋತ ಹ್ಯಾಂಗ ಬಾರಿಸಲ್ರಿ? ಮುಂದ ಯಾರರ ನಡೀಬೇಕು. ನಾವು ಮುಂದಿನೋರ ಕಾಲ ನೋಡಿ ಬಾರಿಸೋ ಮಂದಿ."

ಅಷ್ಟು ವರ್ಷ ಅವರ ಗಾಡಿಯ ಹಿಂದೆ ನಡೆದ ನನಗೆ ಇದು ಗೊತ್ತಿರಲಿಲ್ಲ. ಅವನು ಎಣಿಸುತ್ತಿರಲಿಲ್ಲ, ತಾಳ ಹಾಕುತ್ತಿರಲಿಲ್ಲ. ಕುದುರೆಯ ಕಾಲು, ಮದುಮಗನ ಮಾವನ ಕಾಲು, ಕಳಶ ಹಿಡಿದ ಹೆಂಗಸರ ಕಾಲು, ಯಾವುದೋ ಒಂದು ಕಾಲು ಮುಂದೆ ಬೇಕು. ನಾನು ಅಂಗಳಕ್ಕೆ ಹೋಗಿ ಅವನ ಮುಂದೆ ಗಿರಕಿ ಹೊಡೆದೆ. ತಕ್ಷಣ ಕೈ ಹದಕ್ಕೆ ಬಂತು. ಆದರೆ ನಾನು ನಡೆದರೆ ಮಷೀನು ನೋಡುವವರು ಯಾರು?

"ನಾ ನಡೀಲೇನು?" ಅವ್ವ ಕೇಳಿದಳು. ಕೇಳಿದ ಮೇಲೆ ತಾನೇ ಹಿಂಜರಿದಳು. "ನಾ ನಡೆದ್ರ ನಡೀತದೇನೋ... ಲಗ್ನದ ಬಾಜಾ."

ಅಪ್ಪ ಹೋದ ಮೇಲೆ ಅವ್ವ ಯಾವ ಮೆರವಣಿಗೆಯಲ್ಲೂ ಮುಂದೆ ನಡೆದಿರಲಿಲ್ಲ. ತನ್ನ ತಮ್ಮನ ಮಗಳ ಲಗ್ನದಲ್ಲೂ ಎಲ್ಲರಿಗಿಂತ ಹಿಂದೆ, ಅಡುಗೆಯವರ ಬಂಡಿಯ ಜೊತೆ ಬಂದಿದ್ದಳು. ಯಾರೂ ಹಿಂದೆ ನಡೆ ಎಂದು ಹೇಳಿರಲಿಲ್ಲ, ಹೇಳುವ ಜರೂರತ್ತೇ ಇರಲಿಲ್ಲ. ಹೇಳುವವರು ಹೇಳುತ್ತಾರೆ, ನಮ್ಮಲ್ಲಿ ವಿಧವೆಗೆ ಅಂಥದ್ದೇನೂ ಇಲ್ಲ ಎಂದು. ಇಲ್ಲ, ಬಾಯಲ್ಲಿ ಇಲ್ಲ.

"ನಡೀರಿ ಅವ್ವಾರ" ಎಂದ ಅವನು. "ನನಗ ಕಾಲಿದ್ರ ಆತು."

ಅವ್ವ ಕೈ ತೊಳೆದುಕೊಂಡು ಬಂದು ನಡೆದಳು. ಅವನು ಚೀಲಗಳ ನಡುವೆ ನಿಂತಲ್ಲೇ ಕಾಲು ಕುಣಿಸುತ್ತ ಬಾರಿಸಿದ, ಅವಳು ಅವನ ಎದುರು ಅಂಗಳ ಸುತ್ತಿದಳು. ನಾನು ಕದ ಹಾಕುವ ಮೊದಲು ಒಂದು ಕ್ಷಣ ನೋಡಿದೆ. ಮೊಣಕಾಲು ನೋವಿನ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕತ್ತು ನೆಟ್ಟಗೆ ಮಾಡಿ ಹೆಜ್ಜೆ ಹಾಕುತ್ತಿದ್ದಳು. ಆ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಅದನ್ನು ಹೇಳಲಿಲ್ಲ.

ಅಂದು ತುಂಬಿದ್ದು ಚೊಕ್ಕಾಗಿತ್ತು, ಆದರೆ ಹಾಳಾಯಿತು. ಬಾಜೂ ಹಿಟ್ಟಿನ ಗಿರಣಿ ಚಾಲೂ ಆದಾಗ ವೋಲ್ಟೇಜು ಬಿದ್ದು ಟೇಪು ಜೋಲಿ ಹೊಡೆದಿತ್ತು. ತಿರುಗಿ ಹಚ್ಚಿದರೆ ಕುಡಿದವನು ಬಾರಿಸಿದ ಹಾಗೆ. ಅವನನ್ನು ನಾಳೆ ಬರ್ರಿ ಎಂದು ಕಳಿಸಿ, ಗಿರಣಿಯವನ ಕೈಕಾಲು ಹಿಡಿದು ನಾಳೆ ಮಧ್ಯಾಹ್ನದ ಮೇಲೆ ಶುರುಮಾಡು ಎಂದು ಒಪ್ಪಿಸಿ, ಮನೆಗೆ ಬಂದು ಗೋಡೆಗೆ ಒರಗಿದೆ.

ಅವ್ವ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. "ತುತ್ತೂರಿ ಇಲ್ಲ, ಹಾಡ ಇಲ್ಲ. ಬರೇ ಡ್ರಮ್ ತುಂಬಕೊಂಡು ಏನ್ ಮಾಡ್ತಾರೋ?"

ದಣಿದಿದ್ದೆ, ಮಾತು ಮುಗಿಸಿದರೆ ಸಾಕು ಎಂದು ಇದ್ದದ್ದು ಹೇಳಿದೆ.

ಮೊರ ನಿಂತಿತು. "ಅವಂಗ ಗೊತ್ತೇನು?"

"ಇಲ್ಲ."

"ಅವನ ಕೈಲೇ ಬಾರಿಸಿಸಿ ಅವನ ಕೈ ಕಡ್ಯಾಕತ್ತೀರಿ."

"ನಾ ಅಲ್ಲವಾ. ಮಾಲಕ್ರು."

"ಮಿಷಿನ್ ಯಾರದು?"

"ನಾಳಿಗಿ ಅವಂಗ ಹೇಳು" ಎಂದಳು. ಹೇಳ್ತೇನಿ ಎಂದೆ. ಆ ಹೊತ್ತಿಗೆ ಹೇಳುವ ಮನಸ್ಸೂ ಇತ್ತು, ಇರಲಿಲ್ಲ ಎಂದು ನನ್ನನ್ನೇ ಹಳಿದುಕೊಳ್ಳುವುದಿಲ್ಲ.

ಮರುದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಹೊಸ್ತಿಲು ದಾಟುತ್ತಲೇ ಕೇಳಿದ, "ಅಣ್ಣಾರ, ಕ್ಯಾಸೆಟ್ ಡಬ್ಬಿ ಮ್ಯಾಲ ನನ್ನ ಫೋಟೋ ಬರ್ತದೇನ್ರಿ? ತಮ್ಮಗೋಳು ಕೇಳಾಕತ್ತಾರ." ನೋಡೋಣ್ರಿ ಎಂದು ಗೊಣಗಿ ಕೋಣೆಗೆ ಹೊಕ್ಕು ಕದ ಹಾಕಿಕೊಂಡೆ. ಅವ್ವ ಪಡಸಾಲೆಯಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

ಮಷೀನು ಚಾಲೂ ಮಾಡಿ "ಶುರು ಮಾಡ್ರೀ" ಎಂದು ಕೂಗಿದೆ. ಡ್ರಮ್ಮಿನ ಟ್ರ್ಯಾಕಿನ ಮುಳ್ಳು ಅಲ್ಲಾಡಲಿಲ್ಲ. ಒಂದು ಕೈಯಲ್ಲಿ ಸಡಿಲ ಪ್ಲಗ್ಗು ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಬೆವರು ಒರೆಸುತ್ತ ಕೂತಿದ್ದೆ, ಹೆಡ್‌ಫೋನು ಕೊರಳಲ್ಲಿತ್ತು. ಸುಮ್ಮನೆ ಟೇಪು ಸುತ್ತುತ್ತಿತ್ತು. ಕದದ ಸಂದಿಯಲ್ಲಿ ನೀರಿನ ತಂಬಿಗೆಯ ಸದ್ದು ಬಂತು. ಕಾದು ಕಾದು ಸಿಟ್ಟು ನೆತ್ತಿಗೇರಿ, "ಎಷ್ಟ ಹೊತ್ರೀ ನೀರ ಕುಡಿಯೂದು!" ಎಂದು ಒದರಿದೆ. ಸ್ವಲ್ಪ ಹೊತ್ತಿಗೆ ಡ್ರಮ್ಮು ಶುರುವಾಯಿತು. ಹೆಡ್‌ಫೋನು ಕಿವಿಗೆ ಏರಿಸಿಕೊಂಡೆ. ತುಂಬು ಸದ್ದು, ಎಲ್ಲೂ ತೊಡರಿಲ್ಲ, ಮುಳ್ಳು ಕೆಂಪು ಗೀಟು ಮುಟ್ಟಿ ಮುಟ್ಟಿ ಬರುತ್ತಿತ್ತು. ನನ್ನ ಗಮನವೆಲ್ಲ ಆ ಮುಳ್ಳಿನ ಮೇಲೆ. ಅರ್ಧ ತಾಸು ಬಾರಿಸಿದ. ಮುಗಿದ ಮೇಲೆ ಹೊರಗೆ ಬಂದರೆ ಅವ್ವ ಕಟ್ಟೆಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು. ಅವನು ಅವಳ ಎದುರು ಕೂತು ಚಹಾ ಕುಡಿಯುತ್ತಿದ್ದ. ಅವನ ಕೈಯಲ್ಲಿ ನಮ್ಮ ಮನೆಯ ಸ್ಟೀಲಿನ ಲೋಟ. ಗೂಡಿನ ಕಪ್ಪು ತೊಳೆದಿಲ್ಲವೇನೋ ಎಂದುಕೊಂಡೆ.

ಮೂರನೆಯ ದಿನ ನಡೆಯುವವರ ಕೆಲಸವಿರಲಿಲ್ಲ. ತಾನು ಬಾರಿಸಿದ್ದನ್ನೇ ಹೆಡ್‌ಫೋನಿನಲ್ಲಿ ಕೇಳುತ್ತ ದೊಡ್ಡ ಡ್ರಮ್ಮು ಬಾರಿಸಿದ, ಎರಡನ್ನೂ ಕೇಳುತ್ತ ತಾಷಾ ಬಾರಿಸಿದ. ಮೊದಲ ಸಲ ಕಿವಿಗೆ ಹಾಕಿಕೊಂಡಾಗ ಬೆಚ್ಚಿಬಿದ್ದು ಹಿಂದೆ ತಿರುಗಿ ನೋಡಿದ. "ನನ್ನ ಮುಂದ ನಾನ ನಡದಂಗ ಆಗಾಕತ್ತದ್ರಿ" ಎಂದ. ಆದರೆ ನಗಲಿಲ್ಲ. ಹಿಂದಿನ ದಿನದ ಫೋಟೋ ಗೀಟೋ ಏನನ್ನೂ ಕೇಳಲಿಲ್ಲ. ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಉಪಕಾರ ಮರೆಯಂಗಿಲ್ರಿ ಅಣ್ಣಾರ" ಎಂದ. ಕ್ಯಾಸೆಟ್ಟಿಗಾಗಿ ಹೇಳುತ್ತಿದ್ದಾನೆ ಎಂದುಕೊಂಡು ನಾನು ನೆಲ ನೋಡಿದೆ.

ಮಾಲಕರು ಅಂಗಡಿಯಲ್ಲಿ ನಿಂತೇ ಎರಡು ಕ್ಷಣ ಕೇಳಿ, "ಅಗದಿ ಸಾಫ್ ಅದ" ಎಂದು ಬೆನ್ನು ಚಪ್ಪರಿಸಿದರು. ಮೂವರು ಅಣ್ಣತಮ್ಮಂದಿರಿಗೆ ಈ ಸಲ ಬರಬೇಡಿ ಎಂದು ಹೇಳಿ ಕಳಿಸಿದರು.

ಮೊದಲ ಲಗ್ನ ಜೇವರ್ಗಿಯಲ್ಲಿ. ಸಂಜೆಯ ಮೆರವಣಿಗೆ. ಗಾಡಿಯ ಮೇಲೆ ನಾನು, ನನ್ನ ಮಷೀನು, ಆಂಪ್ಲಿಫೈಯರು, ಕ್ಯಾಸೆಟ್ಟು. ಮುಂದೆ ಊದುವವರು ಮೂವರು, ಅವರ ಮುಂದೆ ಕೆಂಪು ಕೋಟಿನ ಮಾಲಕರು. ಬೆತ್ತ ಮೇಲೆ ಎದ್ದಿತು, ನಾನು ಗುಂಡಿ ಒತ್ತಿದೆ. ಊದುವವರು ಕುಣಿಯುವ ಹಾಡನ್ನು ಎಂದಿನ ಓಟದಲ್ಲಿ ಎತ್ತಿಕೊಂಡರು, ಡ್ರಮ್ಮು ಅವರ ಜೊತೆ ಓಡಲಿಲ್ಲ. ನಾಲ್ಕು ಹೆಜ್ಜೆಗೆ ತಾಳ ತಪ್ಪಿತು. ಊದುವವರು ಹಿಂದೆ ತಿರುಗಿ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಡ್ರಮ್ಮು ಯಾರನ್ನೂ ನೋಡದೆ ತನ್ನ ಪಾಡಿಗೆ ತಾನು ಬರುತ್ತಿತ್ತು. ಕೊನೆಗೆ ಅವರೇ ಸೋತು ಹಾಡನ್ನು ಡ್ರಮ್ಮಿನ ನಡಿಗೆಗೆ ಇಳಿಸಿದರು. ಕುಣಿಯುವ ಹುಡುಗರು ಕಾಲೆತ್ತಿ ಇಡಲಾರದೆ ನಿಂತರು. ಕುದುರೆ ಕೂಡ ನಿಧಾನವಾಯಿತು. ಒಂದು ಮನೆಯ ಕಟ್ಟೆಯ ಮೇಲಿದ್ದ ಮುದುಕರು ಎದ್ದು, ಚಪ್ಪಲಿ ಬಿಟ್ಟು, ಟೊಪ್ಪಿಗೆ ತೆಗೆದು ಕೈಮುಗಿದರು. "ಯಾರು ಹೋದ್ರಪಾ?" ಎಂದು ಕೇಳಿದರು.

ಆಗ ನನ್ನ ಕಿವಿ ತೆರೆಯಿತು. ಅದು ಲಗ್ನದ ಹೆಜ್ಜೆಯಲ್ಲ, ಮಣ್ಣಿಗೆ ಹೋಗುವ ಹೆಜ್ಜೆ. ಎರಡು ದಿನ ಕಿವಿಗೆ ಕಟ್ಟಿಕೊಂಡು ಕೇಳಿದ್ದೆ, ಸದ್ದು ಸಾಫಾಗಿದೆಯೇ ಎಂದಷ್ಟೇ ಕೇಳಿದ್ದೆ.

ಮದುಮಗನ ಕಾಕಾ ಬಂದು ಮಾಲಕರ ಕೊರಳಪಟ್ಟಿ ಹಿಡಿದರು. ನಾನು ಗಡಿಬಿಡಿಯಲ್ಲಿ ವೇಗದ ಗುಂಡಿ ತಿರುಗಿಸಿದೆ. ವೇಗ ಹೆಚ್ಚಿತು, ಅದರ ಜೊತೆ ಡ್ರಮ್ಮಿನ ದನಿಯೂ ಏರಿ ಎಣ್ಣೆಯ ಖಾಲಿ ಡಬ್ಬಿ ಬಡಿದ ಹಾಗೆ ಆಯಿತು. ಜನ ಅಳುವ ಬದಲು ನಗಲು ಶುರುಮಾಡಿದರು, ಅದು ಇನ್ನೂ ಕೆಟ್ಟದಾಗಿತ್ತು. ಬಂದ್ ಮಾಡಿದೆ. ಡ್ರಮ್ಮಿಲ್ಲದ ಮೆರವಣಿಗೆ ಬಾಯಿ ಮುಚ್ಚಿಕೊಂಡು ಮಂಟಪಕ್ಕೆ ಹೋಯಿತು.

ಮುಂದಿನ ಮುಹೂರ್ತಕ್ಕೆ ಮೂವರು ಅಣ್ಣತಮ್ಮಂದಿರೂ ಕೆಲಸದ ಮೇಲಿದ್ದರು. ಮಾಲಕರೇ ನರೋಣಾಕ್ಕೆ ಹೋಗಿ ಕರೆತಂದರಂತೆ. ಗಾಡಿಯ ಮೇಲೆ ನನ್ನ ಸಾಮಾನು ಇರಲಿಲ್ಲ, ಅಫಜಲಪುರದ ಇನ್ನೊಬ್ಬ ಮೈಕಿನವನದಿತ್ತು. ಆ ಲಗ್ನಸರಾಯಿ ನಾನು ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತೆ.

ಸಿಟ್ಟೆಲ್ಲ ಅವ್ವನ ಮೇಲೆ ಹೋಯಿತು. "ಮೊಣಕಾಲ ನೋವಿದ್ರ ಹೇಳಬಾರದಾಗಿತ್ತೇನವಾ? ಲಗ್ನದ ಬಾಜಾದ ಮುಂದ ಹಂಗ ನಡೀತಾರೇನು?"

"ನನ್ನ ನಡಿಗಿ ಇಷ್ಟ ಅದಪಾ" ಎಂದಳು, ಅಷ್ಟೇ.

ವಾರಗಟ್ಟಲೆ ಮಾತು ಬಿಟ್ಟೆ. ಆಮೇಲೆ ಮಾತು ಶುರುವಾದರೂ ಆ ಮಾತು ಹೋಗಲಿಲ್ಲ. ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದಾಗಲೆಲ್ಲ, ಸಾರಿಗೆ ಉಪ್ಪು ಹೆಚ್ಚಾದಾಗಲೂ, ನಿನ್ನ ಕಾಲಿನಿಂದ ನನ್ನ ದಂಧಾ ಹೋಯಿತು ಎಂದು ಎತ್ತಿ ಆಡುತ್ತಿದ್ದೆ. ಎಷ್ಟು ಸಲ ಆಡಿದೆನೋ ಲೆಕ್ಕವಿಲ್ಲ. ಒಂದು ಸಲವೂ ಅವಳು ತಿರುಗಿ ಮಾತಾಡಲಿಲ್ಲ.

ಇತ್ತ ಅವನದೊಂದು ಹೊಸ ರೂಢಿ ಶುರುವಾಯಿತು. ಮೆರವಣಿಗೆ ನನ್ನ ಅಂಗಡಿಯ ಮುಂದೆ ಬಂದರೆ, ಬಾರಿಸುತ್ತಿದ್ದ ಬಲಗೈಯ ಕೋಲನ್ನು ಎತ್ತಿ ಹಣೆಗೆ ಮುಟ್ಟಿಸಿ ಮತ್ತೆ ತಾಳಕ್ಕೆ ಬರುತ್ತಿದ್ದ. ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ಪ್ರತಿ ವರ್ಷ ಸುಗ್ಗಿಗೆ ಎಳೆ ಜೋಳದ ಸೀತನಿ ಕಟ್ಟಿಕೊಂಡು ಬಂದು ಅವ್ವನಿಗೆ ಕೊಟ್ಟು ಹೋಗುತ್ತಿದ್ದ. ನಾನು ಎದುರಿಗೆ ಸಿಕ್ಕರೆ ನಿಂತು ನಮಸ್ಕಾರ ಮಾಡುತ್ತಿದ್ದ. ಪಾಪ, ಇವನಿಗೆ ಏನೂ ಗೊತ್ತಿಲ್ಲ, ಅಂಗಡಿಯಲ್ಲಿ ಮಾರುವ ಕ್ಯಾಸೆಟ್ಟು ಯಾಕೋ ಬರಲಿಲ್ಲ ಎಂದಷ್ಟೇ ತಿಳಿದಿದ್ದಾನೆ ಎಂದುಕೊಂಡು ನಾನು ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸುತ್ತಿದ್ದೆ.

ತೊಂಬತ್ತರ ದಶಕದ ನಡುವೆ ಅವ್ವ ತೀರಿಕೊಂಡಳು. ಕರೆಯದೆಯೇ ಮೂವರೂ ಬಂದು ಬಾರಿಸಿದರು. ಅಂದು ಅವ್ವ ಎಲ್ಲರಿಗಿಂತ ಮುಂದೆ ಇದ್ದಳು.

ಅದಾಗಿ ಎರಡು ವರ್ಷಕ್ಕೆ ಅಂಗಡಿ ಮುಚ್ಚುವ ವಿಚಾರ ಮಾಡಿದೆ. ಕಲಬುರ್ಗಿಯ ಒಬ್ಬರು ಮಷೀನು ಕೊಳ್ಳುತ್ತೇನೆಂದರು, ನಾಲ್ಕೂ ಟ್ರ್ಯಾಕು ಸರಿ ಇರಬೇಕು ಎಂದರು. ಒಂದು ಮಧ್ಯಾಹ್ನ ಬಿಚ್ಚಿ ಕೂತೆ. ಒಳಗೆ ಒಂದು ವೈರು ಬೆಸುಗೆ ಬಿಟ್ಟು ತೂಗಾಡುತ್ತಿತ್ತು. ಹಚ್ಚಿ, ಹೆಡ್ಡು ಒರೆಸಿ, ಮುಚ್ಚಿದೆ. ಹತ್ತು ನಿಮಿಷದ ಕೆಲಸ, ಇಷ್ಟು ವರ್ಷ ಮಾಡಿರಲಿಲ್ಲ. ಪರೀಕ್ಷೆಗೆಂದು ಕೈಗೆ ಸಿಕ್ಕಿದ್ದು ಆ ಡ್ರಮ್ಮಿನ ಕ್ಯಾಸೆಟ್ಟು. ಮೂರು ಟ್ರ್ಯಾಕು ಬಂದ್ ಮಾಡಿ ನಾಲ್ಕನೆಯದನ್ನಷ್ಟೇ ಹಚ್ಚಿದೆ. ನೀರಿನ ಹರವಿಯ ಮೇಲೆ ತೂಗಿದ್ದ ಮೈಕು.

ಮೊದಲು ದೂರದಲ್ಲಿ ನನ್ನದೇ ದನಿ, ಶುರು ಮಾಡ್ರೀ. ಆಮೇಲೆ ಹರವಿಯಲ್ಲಿ ತಂಬಿಗೆ ಮುಳುಗಿದ ಸದ್ದು. ಆಮೇಲೆ, ಕಿವಿಯ ಪಕ್ಕದಲ್ಲೇ, ಅವ್ವ.

"ನೀರ ಕುಡಿ. ಕುಡಕೋತ ಕೇಳು, ಒದರಬ್ಯಾಡ. ಈ ಕ್ಯಾಸೆಟ್ ಅಂಗಡಿಗಿ ಅಲ್ಲ. ಗಾಡಿ ಮ್ಯಾಲ ಹಚ್ಚತಾರಂತ, ನಿಮ್ಮ ಜಾಗಾದಾಗ."

ಪಾರಿವಾಳದ ಗುಟುರು. ಆಮೇಲೆ ಅವನು, "ಯಾರ ಹೇಳಿದ್ರಿ ಅವ್ವಾರ?"

"ನನ್ನ ಮಗಾ. ನಿನ್ನಿ ರಾತ್ರಿ ಊಟ ಸೈತ ಮಾಡಲಿಲ್ಲ. ನಿನ್ನ ಮಾರಿ ನೋಡಿ ಹೇಳಾಕ ಅಂವಗ ಬಾಯಿ ಬರವಲ್ದು. ಅವ್ವಾ ನೀನ ಹೇಳು ಅಂತ ನನಗ ಹೇಳ್ಯಾನ."

ನಾನು ಹಾಗೆ ಹೇಳಿರಲಿಲ್ಲ. ಹಿಂದಿನ ರಾತ್ರಿ ಎರಡು ರೊಟ್ಟಿ, ಪುಂಡಿಪಲ್ಯ, ಮೊಸರನ್ನ ಉಂಡು ಮಲಗಿದ್ದೆ.

"ಹಂಗಾರ ನಾ ಬಾರಿಸಂಗಿಲ್ರಿ" ಎಂದ ಅವನು.

"ನೀ ಒಲ್ಲೆ ಅಂದ್ರ ಮಾಲಕ ಇನ್ನೊಬ್ಬನ್ನ ಹಿಡೀತಾನ. ನೀ ಬಾರಿಸು. ನಮ್ಮ ಯಜಮಾನರ ದಿನ ಬಾರಿಸಿದ್ಯಲ್ಲ, ಹಂಗ. ನಾ ಅವತ್ತ ನಡದಂಗ ನಡೀತೇನಿ, ನೀ ನನ್ನ ಕಾಲ ನೋಡು."

"ನಾಳಿಗಿ ಮಗಾ ನಿಮಗ ಬೈತಾನಲ್ರಿ."

"ಬೈಲಿ ಬಿಡು."

ಅಷ್ಟರಲ್ಲಿ ಒಳಗಿಂದ ನಾನು ಒದರುತ್ತೇನೆ, ಎಷ್ಟ ಹೊತ್ರೀ ನೀರ ಕುಡಿಯೂದು. ಅವ್ವ "ಆತಪಾ, ಬಂದ್ವಿ" ಎನ್ನುತ್ತಾಳೆ. ಡ್ರಮ್ಮು ಶುರುವಾಗುತ್ತದೆ, ಆಚೆ ಮೂಲೆಯಲ್ಲಿ, ದೂರಕ್ಕೆ. ಹತ್ತಿರದಲ್ಲಿ ಅವ್ವನ ಹಿಮ್ಮಡಿ ನೆಲಕ್ಕೆ ಉಜ್ಜುವ ಸದ್ದು ಬರುತ್ತದೆ, ಹೋಗುತ್ತದೆ, ಸುತ್ತು ಹಾಕಿ ಮತ್ತೆ ಬರುತ್ತದೆ. ಅರ್ಧ ತಾಸು. ನಾನು ಪೂರ್ತಿ ಕೇಳಿದೆ. ಮಷೀನು ಮಾರಲಿಲ್ಲ.

ಅವನಿಗೆ ಹೇಳಿಬಿಡಬೇಕು ಎಂದು ನಿರ್ಧಾರ ಮಾಡಿದೆ. ನಾನು ಅವ್ವನ ಕೈಲಿ ಹೇಳಿಸಿದವನಲ್ಲ, ನನ್ನ ಉಪಕಾರ ಏನೂ ಇಲ್ಲ, ಆ ಕೋಲು ಹಣೆಗೆ ಮುಟ್ಟಿಸುವುದು ಬೇಡ ಎಂದು. ನರೋಣಾಕ್ಕೆ ಹೋಗಬೇಕೆಂದು ಬಸ್ ಸ್ಟ್ಯಾಂಡಿಗೂ ಎರಡು ಸಲ ಹೋದೆ, ಅಂಗಡಿಯ ಮುಂದೆಯೇ ಇತ್ತಲ್ಲ. ಆಮೇಲೆ ಲಗ್ನಸರಾಯಿ ಬಂತು. ಒಂದು ಮೆರವಣಿಗೆ ಓಣಿಗೆ ತಿರುಗಿತು. ಅಂಗಡಿಯ ಬಾಗಿಲಿಗೆ ಬಂದು ನಿಂತೆ. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೈ ಹಾಗೆಯೇ ಇತ್ತು. ನನ್ನ ಮುಂದೆ ಬಂದಾಗ ಕೋಲು ಎತ್ತಿ ಹಣೆಗೆ ಮುಟ್ಟಿಸಿದ, ನಕ್ಕ.

ನಾನೂ ಕೈಯೆತ್ತಿ ನಮಸ್ಕಾರ ಮಾಡಿದೆ. ಬಾಯಿ ಬರಲಿಲ್ಲ.